ಕಲ್ಲುಬಂಗಲೆಯ ಅಗ್ಗಿಷ್ಟಿಕೆ

ದೆವ್ವ, ಗಾಳಿ ಎಂದರೆ ನಗುತ್ತಿದ್ದವನು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಯುದ್ಧ ಮುಗಿದ ಹೊಸತರಲ್ಲಿ, ಮದ್ದೂರಿನಲ್ಲಿ ಓವರ್‌ಸಿಯರ್ ಆಗಿದ್ದಾಗ ನಡೆದದ್ದೊಂದು ಇಂದಿಗೂ ನನ್ನನ್ನು ರೇಗಿಸುತ್ತದೆ. ಸರಿರಾತ್ರಿಯಲ್ಲಾದರೂ ನಡೆಯಿತೇ? ಇಲ್ಲ, ಹಾಡಹಗಲಲ್ಲಿ.

ಶಿಂಷಾ ದಂಡೆಯಲ್ಲಿ ಇಂಗ್ಲಿಷ್ ದೊರೆಯೊಬ್ಬ ಕಟ್ಟಿಸಿದ್ದ ಹಳೆಯ ಕಲ್ಲುಬಂಗಲೆ ಇತ್ತು. ತನ್ನ ಊರಿನ ಮನೆಯಂತೆಯೇ ಇರಬೇಕೆಂದು ಹಟ ಹಿಡಿದಿದ್ದನಂತೆ. ಕೋಟೆಯಷ್ಟು ದಪ್ಪದ ಗೋಡೆ, ಕಿರಿದಾದ ಕಮಾನು ಕಿಟಕಿ, ಹಿಮ ಜಾರಲೆಂದು ಕಡಿದಾದ ಮಾಡು. ನಡುಮನೆಯಲ್ಲಿ ಚಳಿ ಕಾಯಿಸುವ ಅಗ್ಗಿಷ್ಟಿಕೆ, ಮೇಲೆ ಹೊಗೆಗೂಡು. ಮದ್ದೂರಿನ ಸೆಕೆಗೆ ಅಗ್ಗಿಷ್ಟಿಕೆ! ಅಗ್ಗಿಷ್ಟಿಕೆಯ ಬಾಯಿಗೂ ಹೊಗೆಗೂಡಿಗೂ ಯಾವ ಕಾಲದಲ್ಲೋ ಇಟ್ಟಿಗೆ, ಗಾರೆ ತುಂಬಿ ಮುಚ್ಚಿದ್ದರು. ಬಂಗಲೆ ಹೆರಿಗೆ ಆಸ್ಪತ್ರೆಯಾಗಬೇಕಿತ್ತು. ಅಗ್ಗಿಷ್ಟಿಕೆ ಒಡೆದು ಪಕ್ಕದ ಕೋಣೆಗೆ ಬಾಗಿಲು ಬಿಡಿಸುವ ಕೆಲಸ ನನ್ನ ಪಾಲಿಗೆ ಬಂತು.

ಬೆಳಿಗ್ಗೆ ಮೊದಲ ಕಲ್ಲು ಮೀಟಲು ಹೋದ ಮೇಸ್ತ್ರಿ ಗಫಾರ್ ಸಾಬಿ ಕೈ ಹಿಂದಕ್ಕೆಳೆದುಕೊಂಡ.

"ಸ್ವಾಮಿ, ಕಲ್ಲು ಸುಡ್ತಾ ಅದೆ."

"ಬಿಸಿಲಿಗೆ ಕಾದಿರಬೇಕು ಕಣಯ್ಯ."

"ಒಳಗೋಡೆಗೆ ಎಲ್ಲೀ ಬಿಸ್ಲು ಸ್ವಾಮಿ?"

ಅವನ ಮಾತು ಸುಳ್ಳೆಂದು ತೋರಿಸಲು ನಾನೇ ಅಂಗೈ ಒತ್ತಿ ಹಿಡಿದೆ. ಉರಿಯುವ ಒಲೆಯ ಪಕ್ಕೆಯಂತಿತ್ತು. ಅಷ್ಟರಲ್ಲಿ ಅಂಗಳ ಗುಡಿಸುತ್ತಿದ್ದ ಪುಟ್ಟಮ್ಮ ಕೂಗಿದಳು: "ಅಯ್ಯೋ, ಮ್ಯಾಲೆ ಒಗೆ ಬತ್ತಾ ಅದೆ ನೋಡ್ರಪ್ಪಾ!"

ಓಡಿದೆ. ಹೊಗೆಗೂಡಿನಿಂದ ತೆಳ್ಳಗೆ ಹೊಗೆ. ಏಣಿ ಹಾಕಿ ಹತ್ತಿದರೆ ಗಾರೆ ಗಟ್ಟಿಯಾಗಿತ್ತು, ಒಂದು ಬಿರುಕಿಲ್ಲ. ಆದರೂ ಸೌದೆ ಹೊಗೆ ಮುಖಕ್ಕೇ ಬಡಿಯಿತು. ಸಿಟ್ಟು ನೆತ್ತಿಗೇರಿತು. ಕೆಳಗಿಳಿದು ಗಫಾರನನ್ನು ಗದರಿಸಿ ಅಗ್ಗಿಷ್ಟಿಕೆ ಒಡೆಸಿದೆ. ಒಳಗೆ ಬೂದಿಯಿಲ್ಲ, ಕೆಂಡವಿಲ್ಲ. ತಣ್ಣಗಿನ ಗಾರೆ ಪುಡಿ. ಹೊಗೆಯೂ ನಿಂತಿತ್ತು.

"ನಂಗೂ ತಿಳೀಲಿಲ್ಲ ಸ್ವಾಮಿ. ಕೇಳ್ಬ್ಯಾಡಿ, ಬುಟ್ಬುಡಿ," ಎಂದ ಗಫಾರ್.

ಮಧ್ಯಾಹ್ನ ಬಂದ ಇಂಜಿನಿಯರು ಆಗಲೇ ತಣ್ಣಗಾಗಿದ್ದ ಕಲ್ಲು ಮುಟ್ಟಿ ನೋಡಿ, "ಯಾರೋ ಬೀಡಿ ಸೇದಿರಬೇಕು," ಎಂದು ನಕ್ಕು ಹೋದರು. ಸುಣ್ಣ ನೀರು ಕುಡಿದು ಕಾದಿತೆನ್ನೋಣವೆಂದರೆ ಅದು ಹಳೆಯ ಗಾರೆ, ಮಳೆಯೂ ಇರಲಿಲ್ಲ.

ಆಸ್ಪತ್ರೆ ತೆರೆಯಿತು. ಎಷ್ಟೋ ಬಾಣಂತಿಯರು ಆ ಬಾಗಿಲಲ್ಲಿ ಓಡಾಡಿದರು, ಯಾರಿಗೂ ಏನೂ ಆಗಲಿಲ್ಲ. ಏನಾದರೂ ಆಗಿದ್ದರೆ ಅರ್ಥವಾದರೂ ಸಿಗುತ್ತಿತ್ತೇನೋ!

ಕಣ್ಣು ಮೋಸ ಹೋಯಿತೆಂದು ಒಪ್ಪಿಕೊಳ್ಳಬಲ್ಲೆ. ಆದರೆ ಆ ಸಂಜೆ ನನ್ನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಹೆಂಡತಿ ಬೆಣ್ಣೆ ಹಚ್ಚುತ್ತಾ, "ಎಲ್ಲಿ ಸುಟ್ಕೊಂಡ್ರಿ?" ಎಂದು ಕೇಳಿದಳು.