ಪೆಟ್ರೋಲು ಕುಡಿದ ಬೂಚು

ನಮ್ಮ ಯಜಮಾನರಿಗೆ ಇಂಜಿನ್ನು ಅಂದರೆ ಪ್ರಾಣ. ಶಿರಸಿಯಲ್ಲಿ ಒಬ್ಬ ಸಾಹೇಬರ ಸರ್ವಿಸ್ ಮೋಟಾರು ಓಡಿಸುತ್ತಿದ್ದರು. ಮನೆಗೆ ಬಂದರೂ ಅಂಗಿಯ ಜೇಬಿನಲ್ಲಿ ನಟ್ಟು ಬಿಚ್ಚುವ ಪಾನಾ ಇರಲೇಬೇಕು. ಮದುವೆಯಾದ ಹೊಸದರಲ್ಲಿ ನನಗೂ ಅದೊಂದು ಹೆಮ್ಮೆಯೇ ಆಗಿತ್ತು, ಸುಳ್ಳು ಯಾಕೆ ಹೇಳಲಿ.

ಮೂವತ್ತರ ದಶಕದ ಕೊನೆಯ ಒಂದು ಮಳೆಗಾಲ. ನನ್ನ ತವರೂರು ಇದ್ದದ್ದು ಬನವಾಸಿಯಲ್ಲಿ ವರದಾ ಹೊಳೆ ದಾಟಿದರೆ ಆಚೆ ದಡದಲ್ಲಿ. ಬೆಳಿಗ್ಗೆ ಆ ಊರಿನ ಗಾಡಿಯವನೊಬ್ಬ ಬಂದು ಬಾಗಿಲಲ್ಲೇ ನಿಂತು ಹೇಳಿದ: "ತಂಗೀ, ನಿಮ್ಮವ್ವ ನಿನ್ನ ನೋಡಬೇಕಂತ ಜೀವ ಹಿಡ್ಕೊಂಡಾಳ. ಲಗೂನ ಹೊಂಡು." ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಹೊರಟೆ. ನಮ್ಮವರೂ ರಜೆ ಕೇಳಿಕೊಂಡು ಜೊತೆಗೆ ಬಂದರು. ಬಾರದಿದ್ದರೇ ಚೆನ್ನಾಗಿತ್ತು.

ಸರ್ವಿಸ್ ಮೋಟಾರು ಹಿಡಿದು ಹೊಳೆಗೆ ಬಂದಾಗ ಇನ್ನೂ ಮಧ್ಯಾಹ್ನವಾಗಿರಲಿಲ್ಲ. ಮಳೆ ಬಿಟ್ಟಿತ್ತು, ನೀರು ಮಾತ್ರ ದಡ ತುಂಬಿ ಕೆಂಪಗೆ ಹರಿಯುತ್ತಿತ್ತು. ದೋಣಿಯ ಗುತ್ತಿಗೆದಾರ ಆ ವರ್ಷ ದೊಡ್ಡ ದೋಣಿಯ ಹಿಂಬದಿಗೆ ಎಲ್ಲಿಂದಲೋ ತಂದ ಹಳೆಯ ಇಂಜಿನ್ನೊಂದನ್ನು ಕೂರಿಸಿದ್ದ. ಮುದುಕ ಅಂಬಿಗ ಅದರ ಹಗ್ಗ ಜಗ್ಗಿ ಜಗ್ಗಿ ಸೋತು ಕೂತಿದ್ದ. ಇಂಜಿನ್ನು ಚಾಲೂ ಆಗುತ್ತಿರಲಿಲ್ಲ, ಪೆಟ್ರೋಲು ಮಾತ್ರ ತೊಟತೊಟನೆ ಸೋರುತ್ತಿತ್ತು.

"ಇದು ಹೊಂಡಂಗಿಲ್ಲ ತಂಗೀ," ಎಂದ ಅಂಬಿಗ. "ಸಣ್ಣ ದೋಣಿ ಐತಿ, ಹುಟ್ಟು ಹಾಕಿ ದಾಟಸ್ತೀನಿ. ಇದಕ್ಕಿಂತ ದೊಡ್ಡ ನೆರಿಯಾಗ ದಾಟ್ಸೀನಿ, ಬಾ."

ನಾನು ಸೀರೆ ಎತ್ತಿ ಕಟ್ಟಿ ಆ ದೋಣಿಯಲ್ಲಿ ಒಂದು ಕಾಲು ಇಟ್ಟೂ ಆಗಿತ್ತು.

"ಏ, ತಡಿ ತಡಿ!" ಎಂದರು ನಮ್ಮವರು. "ಅದರಾಗ ಹೋಗಿ ಮುಳುಗಿ ಸಾಯ್ತೀಯೇನು? ಕಾರ್ಬೋರೇಟರ್ ತುಂಬಿ ಹರಿಯಾಕ್ಹತ್ತೈತಿ, ಅಷ್ಟ. ಚಣದ ಕೆಲಸ."

ನಾಲ್ಕು ಜನರೆದುರು ಗಂಡನ ಮಾತು ಮೀರುವ ಕಾಲ ಅದಲ್ಲ. ಕಾಲು ತೆಗೆದೆ.

ಪ್ಲಗ್ಗು ಬಿಚ್ಚಿದರು, ಪೆಟ್ರೋಲಿನಲ್ಲಿ ತೊಯ್ದಿತ್ತು. ಒರೆಸಿ ಹಾಕಿ ಹಗ್ಗ ಜಗ್ಗಿದರು. ಮತ್ತೆ ಸೋರಿತು. ಪೆಟ್ರೋಲು ನಿಲ್ಲುವ ಬಟ್ಟಲನ್ನು ಪಾನಾದಿಂದ ಮೆಲ್ಲಗೆ ಬಡಿದರು. ಒಳಗಿನ ಸೂಜಿ ಸಿಕ್ಕಿಕೊಂಡಿದ್ದರೆ ಬಿಡುತ್ತದಂತೆ. ಬಿಡಲಿಲ್ಲ. ಬಟ್ಟಲು ಬಿಚ್ಚಿ, ಸೂಜಿ ಒರೆಸಿ, ಅದು ಕೂರುವ ತೂತಿಗೆ ಊದಿ ಕಸ ಹಾರಿಸಿದರು. ಆಗಲೂ ಸೋರಿತು. "ರೀ, ಹೊತ್ತಾತ್ರಿ," ಎಂದೆ. "ಆತು, ಆತು," ಎಂದರು, ನನ್ನ ಕಡೆ ನೋಡದೆ.

ಕೊನೆಗೆ ಸಿಕ್ಕಿದ್ದು ಬೂಚು, ಒಂದು ಬೆಂಡಿನ ತುಂಡು. ಬಟ್ಟಲಿನಲ್ಲಿ ಪೆಟ್ರೋಲು ಏರಿದಂತೆ ತೇಲಿ, ಸೂಜಿಯನ್ನು ಒತ್ತಿ ದಾರಿ ಮುಚ್ಚಬೇಕಾದದ್ದು ಅದು. ಮೇಲಿನ ಅರಗಿನ ಲೇಪ ಸುಲಿದು, ಪೆಟ್ರೋಲು ಕುಡಿದು, ಭಾರವಾಗಿ ತಳ ಹಿಡಿದಿತ್ತು. "ನೋಡಿದ್ಯೇನು, ಕಳ್ಳ ಸಿಕ್ಕ!" ಎಂದು ನನ್ನ ಮೂಗಿನ ಹತ್ತಿರ ಹಿಡಿದರು. ಆಚೆ ದಡದಲ್ಲಿ ಅವ್ವ ನನಗಾಗಿ ಜೀವ ಹಿಡಿದುಕೊಂಡಿದ್ದಾಳೆ, ಈ ಮನುಷ್ಯನ ಮುಖದಲ್ಲಿ ಹಬ್ಬ!

"ನಾ ಸಣ್ಣ ದೋಣ್ಯಾಗ ಹೋಗ್ತೀನ್ರಿ."

"ಇಷ್ಟೊತ್ತು ಕುಂತಿ, ಇನ್ನೊಂದೀಟು ಕುಂಡ್ರಾಕ ಏನು ಧಾಡಿ?"

ತೊಟ್ಟಿಲಿಗೆ ಬಣ್ಣ ಹಚ್ಚುವ ಬಡಗಿಯ ಮನೆಯಿಂದ ಅರಗಿನ ಪಾಲಿಶು ತರಲು ಅಂಬಿಗನನ್ನೇ ಊರೊಳಗೆ ಅಟ್ಟಿದರು. ದಾಟಿಸುವವನೇ ಇಲ್ಲದ ಮೇಲೆ ನಾನು ಇನ್ನು ಯಾರನ್ನು ಕೇಳಲಿ? ಅವನು ಬರುವವರೆಗೆ ಬೂಚನ್ನು ಬಂಡೆಯ ಮೇಲಿಟ್ಟು ಒಣಗಿಸಿದರು. ಪಾಲಿಶು ಬಂತು, ಹಚ್ಚಿದರು, ಹೆಗಲ ವಸ್ತ್ರದಿಂದ ಗಾಳಿ ಬೀಸುತ್ತ ಕೂತರು. ಮುಂದೆ ನನ್ನ ಮಕ್ಕಳು ಜ್ವರದಲ್ಲಿ ಬೇಯುವಾಗಲೂ ಆ ಕೈ ಅಷ್ಟು ಜತನದಿಂದ ಗಾಳಿ ಬೀಸಲಿಲ್ಲ. ಸುಡಲಿ ಆ ಇಂಜಿನ್ನು!

ಚಾಲೂ ಆಯಿತು, ಇಲ್ಲವೆನ್ನುವುದಿಲ್ಲ. ಒಂದೇ ಎಳೆತಕ್ಕೆ ಚಾಲೂ ಆಯಿತು. ದಡದಲ್ಲಿ ಸೇರಿದ್ದವರು "ಭಲೇ ಡ್ರೈವರಪ್ಪ!" ಎಂದು ಕೂಗಿದರು. ನಡುಹೊಳೆಗೆ ಬಂದಾಗ ಆಚೆ ದಡದಲ್ಲಿ ನನ್ನ ಅಣ್ಣ ಕಂಡ. ತಲೆಯ ಮೇಲೆ ವಸ್ತ್ರ ಹೊದ್ದು ಕುಕ್ಕುರುಗಾಲಲ್ಲಿ ಕೂತಿದ್ದ. ನನಗೆ ಅಲ್ಲೇ ಗೊತ್ತಾಯಿತು. ಇಳಿದಾಗ ಅವನು ಅಂದದ್ದು ಇಷ್ಟು: "ಈಗಷ್ಟ ಹೋತು ಜೀವ. ಬಾಗಲಾ ನೋಡ್ಕೋತನ ಹೋದ್ಲು."

ಆಮೇಲೆ ಎಷ್ಟೋ ವರ್ಷ ನಮ್ಮವರು ಆ ಇಂಜಿನ್ನಿನ ಕಥೆ ಹೇಳಿದರು. ಗ್ಯಾರೇಜಿನಲ್ಲಿ, ಮದುವೆಮನೆಯಲ್ಲಿ, ಬೀಗರ ಮುಂದೆ. ಪ್ಲಗ್ಗು, ಸೂಜಿ, ಬೂಚು, ಬಡಗಿಯ ಪಾಲಿಶು, ಒಂದೂ ಬಿಡುತ್ತಿರಲಿಲ್ಲ. ಕಥೆ ಯಾವಾಗಲೂ ಇಂಜಿನ್ನು ಚಾಲೂ ಆದಲ್ಲಿಗೆ ಮುಗಿಯುತ್ತಿತ್ತು. ಅವರಿಗೆ ಸಂಕಟವಾಗುತ್ತದೆ, ಅದಕ್ಕೇ ಅಲ್ಲಿಗೆ ನಿಲ್ಲಿಸುತ್ತಾರೆ ಅಂದುಕೊಂಡು ನಾನು ತುಟಿ ಹೊಲಿದುಕೊಂಡಿದ್ದೆ.

ಮೊಮ್ಮಗಳ ಹೆಸರಿಡುವ ದಿನ ಊಟವಾದ ಮೇಲೆ ಮತ್ತೆ ಅದೇ ಕಥೆ, ಅದೇ ಭಲೇ. ನನಗೆ ತಡೆಯಲಾಗಲಿಲ್ಲ.

"ದೋಣ್ಯಾಗ ನಾನೂ ಇದ್ದೆ," ಎಂದೆ ಎಲ್ಲರೆದುರಿಗೇ. "ದಾಟೋದರಾಗ ನಮ್ಮವ್ವ ಸತ್ತಿದ್ಲು. ಅದನ್ನೂ ಹೇಳ್ರಿ."

ಅವರು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದರು. ಹಣೆ ಗಂಟಿಕ್ಕಿ, ನಿಜವಾಗಿಯೂ ನೆನಪು ಮಾಡಿಕೊಳ್ಳುತ್ತ ನನ್ನನ್ನು ನೋಡಿದರು.

"ಹೌದೇನು?" ಎಂದರು. "ಅದು ಅವತ್ತನ ಏನು?"