ಹಸಿರು ಹಿಡಿದ ಹನ್ನೊಂದು ಚೀಲ

ಬಟವಾಡಿಯ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ನಾನು ಹದಿನೆಂಟು ವರ್ಷ ಟೆಕ್ನಿಷಿಯನ್ ಆಗಿದ್ದೆ. ರಕ್ತ, ಕಫ, ಮೂತ್ರಗಳ ನಡುವೆ ಅಷ್ಟು ಕಾಲ ಕೈಗವಸು ಹಾಕಿಕೊಂಡು ಬದುಕಿದವನಿಗೆ ತನ್ನ ಶುಚಿತ್ವದ ಬಗ್ಗೆ ಒಂದು ಗರ್ವ ಬಂದುಬಿಡುತ್ತದೆ. ಡಾಕ್ಟರು ವಯಸ್ಸಾಯಿತೆಂದು ಕ್ಲಿನಿಕ್ ಮುಚ್ಚಿದಾಗ ನನಗೆ ನಲವತ್ತೈದು ದಾಟಿತ್ತು. ಮರಳೂರಿನ ನಮ್ಮ ಮನೆಯ ಹಿಂದೆ ಒಂದು ಶೀಟಿನ ಶೆಡ್ಡು ಖಾಲಿ ಬಿದ್ದಿತ್ತು. ಅದರಲ್ಲಿ ಅಣಬೆ ಬೆಳೆಯುತ್ತೇನೆ ಎಂದಾಗ ಹೆಂಡತಿ ಕೇಳಿದ್ದು ಒಂದೇ ಮಾತು: “ನಮ್ಮನೇಲಿ ಒಬ್ರೂ ತಿನ್ನಲ್ವಲ್ರೀ, ಚೆನ್ನಾಗಿದೆಯೋ ಇಲ್ವೋ ಅಂತ ಹೆಂಗ್ ಗೊತ್ತಾಗುತ್ತೆ?”

ಅದು ನಿಜವೇ. ನಮ್ಮದು ಲಿಂಗಪೂಜೆಯ ಮನೆ. ನಮ್ಮಮ್ಮ ಬದುಕಿದ್ದಿದ್ದರೆ ನಾಯಿಕೊಡೆ ಎಂದು ಮುಖ ತಿರುಗಿಸುತ್ತಿದ್ದರು. ಆದರೆ ನನಗೆ ಅದರ ರುಚಿ ಬೇಕಿರಲಿಲ್ಲ, ಕೆಲಸ ಬೇಕಿತ್ತು. ಮೂರು ದಿನದ ತರಬೇತಿಗೆ ಹೋಗಿ ಬಂದೆ. ಭತ್ತದ ಹುಲ್ಲನ್ನು ಕತ್ತರಿಸಿ, ನೆನೆಹಾಕಿ, ಡ್ರಮ್ಮಿನಲ್ಲಿ ಒಂದು ಗಂಟೆಯಾದರೂ ಬೇಯಿಸಿ, ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಒಂದು ಪದರ ಅಣಬೆ ಬೀಜ ಹಾಕಿ ಕಟ್ಟಿ ಕತ್ತಲಲ್ಲಿ ನೇತುಹಾಕುವುದು. ಚೀಲವೆಲ್ಲ ಬೆಳ್ಳಗೆ ಹತ್ತಿಯಂತಾದರೆ ಗೆದ್ದಂತೆ. ಹಸಿರು ಬಂದರೆ ಬೂಷ್ಟು, ಎತ್ತಿ ಎಸೆಯಬೇಕು. ಲ್ಯಾಬಿನವನಿಗೆ ಇದೇನು ಮಹಾ ಎಂದುಕೊಂಡೆ.

ಮೊದಲ ಎರಡು ಸಲ ಎಸೆದದ್ದೇ ಹೆಚ್ಚು. ಆಮೇಲೆ ಗುಬ್ಬಿ ಕಡೆಯಿಂದ ಒಬ್ಬ ಹೆಂಗಸು ಕೆಲಸಕ್ಕೆ ಬಂದರು. ಮೂವತ್ತೈದರ ಆಸುಪಾಸು, ಮಾತು ಕಡಿಮೆ. ಬೆಳಗಿನ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದರು. ಹುಲ್ಲನ್ನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಹಿಂಡಿ, “ಇನ್ನೊಂದ್ ಅರ್ಧ ಗಂಟೆ ಆರ್ಲಿ ಸಾ, ನೀರೈತೆ ಒಳಗೆ” ಎನ್ನುತ್ತಿದ್ದರು. ತಿಂಗಳೊಳಗೆ ಶೆಡ್ಡು ಬೆಳ್ಳಗಾಯಿತು. ಬಟವಾಡಿಯ ಎರಡು ಹೋಟೆಲಿನವರು ದಿನಾ ತಂದುಕೊಡಿ ಎಂದರು. ನಾನು ಎಲ್ಲರಿಗೂ ನನ್ನ ಲ್ಯಾಬ್ ಅನುಭವದ ಬಗ್ಗೆ ಹೇಳುತ್ತಿದ್ದೆ.

ಆಕೆಗೆ ನಾನು ಮಾಡಿದ್ದ ನಿಯಮಗಳನ್ನು ಈಗ ಬರೆಯಲೂ ಕಷ್ಟವಾಗುತ್ತದೆ. ಬಂದ ಕೂಡಲೇ ಹಿತ್ತಲ ನಲ್ಲಿಯಲ್ಲಿ ಕೈಕಾಲು ತೊಳೆಯಬೇಕು, ಸೀರೆಯ ಮೇಲೆ ಬಿಳಿ ಏಪ್ರನ್ ಹಾಕಬೇಕು, ತಲೆಗೆ ಬಟ್ಟೆ ಕಟ್ಟಬೇಕು. ಅಣಬೆ ಮನೆಗೆ ಇದೆಲ್ಲ ಬೇಕೇ ಬೇಕು. ಆದರೆ ನಾನು ಹೊರಗಿನ ಚಪ್ಪಲಿಯಲ್ಲೇ, ಫೋನಿನಲ್ಲಿ ಮಾತಾಡುತ್ತಲೇ ಒಳಗೆ ಹೋಗುತ್ತಿದ್ದೆ. ನೆಂಟರು ಬಂದರೆ ಹಾಗೇ ಕರೆದುಕೊಂಡು ಹೋಗಿ ತೋರಿಸುತ್ತಿದ್ದೆ. ಆಕೆಯ ಜಾತಿ ಯಾವುದೆಂದು ನಾನು ಎಂದೂ ಕೇಳಲಿಲ್ಲ. ಕೇಳದೆಯೇ ತಿಳಿದುಕೊಂಡಿದ್ದೆ. ಬಚ್ಚಲುಮನೆ ಹತ್ತಿರವಿದ್ದರೂ ಹಿತ್ತಲ ನಲ್ಲಿಗೇ ಏಕೆ ಕಳಿಸುತ್ತಿದ್ದೆ ಎಂದು ಯಾರಾದರೂ ಕೇಳಿದ್ದರೆ ಹೈಜೀನ್ ಎನ್ನುತ್ತಿದ್ದೆ.

ಒಂದು ಗುರುವಾರ ಆಕೆ ಮಗಳ ಕಾಲೇಜು ಅಡ್ಮಿಷನ್ನಿಗೆಂದು ರಜೆ ಹಾಕಿದ್ದರು. ಹುಲ್ಲು ನೆನೆದಿತ್ತು, ಹಾಗೇ ಬಿಟ್ಟರೆ ಹುಳಿ ವಾಸನೆ ಬರುತ್ತದೆ. ನಾನೇ ಬೇಯಿಸಲು ಕೂತೆ. ನೀರು ಕುದಿ ಬರುವ ಮೊದಲೇ ಗ್ಯಾಸ್ ಮುಗಿಯಿತು. ಅಷ್ಟರಲ್ಲಿ ಹೆಂಡತಿ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಳು. ಅವಳ ಅಕ್ಕನ ಮಗಳ ನಿಶ್ಚಿತಾರ್ಥದ ಊಟ. ಇನ್ನೊಂದು ಸಿಲಿಂಡರ್ ಜೋಡಿಸಲು ಸೋಮಾರಿತನವಾಯಿತು. ಸಾಕು ಎಂದು ಹುಲ್ಲು ಹೊರಗೆ ಹರವಿದೆ. ಊಟ ಮಾಡಿ ಬಂದು ಹನ್ನೊಂದು ಚೀಲ ಕಟ್ಟಿ, ಪ್ರತಿಯೊಂದರ ಮೇಲೂ ಮಾರ್ಕರಿನಲ್ಲಿ ತಾರೀಖು ಬರೆದೆ. ತಾರೀಖು ಬರೆಯುವುದು ಲ್ಯಾಬಿನ ಅಭ್ಯಾಸ.

ಎರಡು ವಾರ ಕಳೆದು ಒಂದು ಶನಿವಾರ ಕುಣಿಗಲ್ ತಾಲ್ಲೂಕಿನ ಒಂದು ಮಹಿಳಾ ಸಂಘದವರು ನನ್ನ ಶೆಡ್ಡು ನೋಡಲು ಬರುವವರಿದ್ದರು. ಯಡಿಯೂರಿನ ಹತ್ತಿರದ ಹಳ್ಳಿಯವರು, ತಾವೂ ಶುರುಮಾಡುವ ಆಸೆ. ಅವರ ಮುಂದೆ ಮಾತಾಡಲು ನಾನು ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡಿದ್ದೆ. ಅವರು ಹೇಳಿದ್ದಕ್ಕಿಂತ ಒಂದು ಗಂಟೆ ಮೊದಲೇ ಟೆಂಪೋದಲ್ಲಿ ಬಂದಿಳಿದರು. ಹದಿನಾಲ್ಕು ಮಂದಿ. ಒಳಗೆ ಕರೆದುಕೊಂಡು ಹೋಗಿ, ಹೊಸ ಚೀಲಗಳನ್ನು ಕತ್ತಲಲ್ಲಿ ಬಿಟ್ಟಿದ್ದ ಮೂಲೆಯ ಲೈಟನ್ನೂ ಹಾಕಿದೆ. ಸಂಘದ ಮುಖ್ಯಸ್ಥೆ ಆ ಸಾಲಿನತ್ತ ಕೈ ತೋರಿಸಿ, “ಇದ್ಯಾಕ್ ಸಾರ್ ಹಿಂಗ್ ಹಸ್ರಾಗದೆ?” ಎಂದರು.

ಹನ್ನೊಂದು ಚೀಲ. ತಾರೀಖು ನೋಡುವ ಅಗತ್ಯವೇ ಇರಲಿಲ್ಲ. ನೋಡಿದ ತಕ್ಷಣ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಲು ನಾನು ಎಷ್ಟೋ ಸಲ ಪ್ರಯತ್ನಿಸಿದ್ದೇನೆ, ಆಗುವುದಿಲ್ಲ.

ಆಕೆ ಅಲ್ಲೇ ಕೂತು ಅಣಬೆ ಬಿಡಿಸುತ್ತಿದ್ದರು. ನಾನು ಆಕೆಯ ಕಡೆ ಬೊಟ್ಟು ಮಾಡಿ ಹೇಳಿದೆ: “ನೋಡಿ, ಇದನ್ನೇ ಕಲಿಬೇಕು ನೀವು. ಕ್ಲೀನ್ ಇಲ್ದಿರೋರ ಕೈ ತಾಗಿದ್ರೆ ಹಿಂಗಾಗುತ್ತೆ. ಎಷ್ಟ್ ಹೇಳಿದ್ರೂ ಅಷ್ಟೇ, ಇವ್ರ ಮನೆ ಕಡೆ ಅಭ್ಯಾಸಾನೇ ಹಂಗೆ. ಯಾರನ್ನ ಒಳಗ್ ಬಿಡ್ತೀವಿ ಅನ್ನೋದು ಮುಖ್ಯ.”

ಆಕೆ ಎದ್ದು ನಿಂತರು. ಚೀಲಗಳ ಹತ್ತಿರ ಹೋಗಿ ಬಗ್ಗಿ ತಾರೀಖು ನೋಡಿ, “ಸಾ, ಇವು ಗುರುವಾರದ್ದು. ನಾನ್ ಅವತ್ತು ಬಂದೇ ಇರ್ಲಿಲ್ಲ. ಇದು ನಿಮ್ಮ ಬರವಣಿಗೆ” ಎಂದರು. ದನಿ ಏರಿರಲಿಲ್ಲ.

“ಎದುರು ಮಾತಾಡ್ಬೇಡ. ಬೀಜ ಮುಟ್ಟಿದ್ದು ಯಾರು? ಡ್ರಮ್ ತೊಳೆದಿದ್ದು ಯಾರು?” ಎಂದು ಕಿರುಚಿದೆ. ಅದುವರೆಗೆ ಆಕೆಯನ್ನು ನಾನು ಏಕವಚನದಲ್ಲಿ ಕರೆದಿರಲಿಲ್ಲ.

ಆಕೆ ಏಪ್ರನ್ ಬಿಚ್ಚಿ, ಮಡಿಸಿ, ಬುಟ್ಟಿಯ ಮೇಲಿಟ್ಟರು. ಊಟದ ಡಬ್ಬಿ ತೆಗೆದುಕೊಂಡು ಹೊರಟುಹೋದರು. ಹದಿನಾಲ್ಕು ಹೆಂಗಸರೂ ದಾರಿ ಬಿಟ್ಟು ನಿಂತರು. ಒಬ್ಬರು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಳ್ಳುತ್ತಿದ್ದರು.

ಅಂದು ಸಂಜೆ ಕಾಫಿ ಲೋಟ ಇಡುತ್ತಾ ಹೆಂಡತಿ, “ಅವತ್ತು ಗ್ಯಾಸ್ ಮುಗ್ದಿದ್ದು ನಂಗೂ ಗೊತ್ತು ಕಣ್ರೀ” ಎಂದಳು. ನಾನು ಪೇಪರಿನಿಂದ ತಲೆ ಎತ್ತಲಿಲ್ಲ.

ಆಕೆಗೆ ಒಂದು ಫೋನ್ ಮಾಡಲು ನನಗೆ ಐದು ತಿಂಗಳಾದರೂ ಆಗಲಿಲ್ಲ. ಕೊನೆಗೆ ನೇರವಾಗಿ ಹೋಗುವುದೇ ಸರಿ ಎಂದು ಗುಬ್ಬಿಗೆ ಹೋದೆ. ಬಸ್ಸಿಳಿದ ಮೇಲೆ ಹೊಳೆಯಿತು: ಎರಡು ವರ್ಷ ನನ್ನ ಶೆಡ್ಡು ನಡೆಸಿದವರ ಮನೆ ಯಾವ ಊರಿನ ಯಾವ ಬೀದಿಯಲ್ಲಿದೆ ಎಂಬುದೇ ನನಗೆ ಗೊತ್ತಿಲ್ಲ. ಟೀ ಅಂಗಡಿಯಲ್ಲಿ, ಆಟೋದವರಲ್ಲಿ ವಿಚಾರಿಸುತ್ತಾ ಹೋದೆ. ಕೊನೆಗೆ ಸಿಕ್ಕಿದ್ದು ಒಂದು ತೆಂಗಿನಕಾಯಿ ಮಂಡಿಯಲ್ಲಿ. ಕೊಬ್ಬರಿ ಆರಿಸುತ್ತಾ ಕೂತಿದ್ದರು. ನನ್ನನ್ನು ನೋಡಿ ಎದ್ದು ಹೊರಗೆ ಬಂದರು, ಬೇವಿನಮರದ ಕೆಳಗೆ ನಿಂತರು.

ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಹೇಳಿದೆ. ತಪ್ಪು ನನ್ನದು, ಹುಲ್ಲು ಬೇಯಿಸದೇ ಕಟ್ಟಿದೆ, ಅಪಮಾನವಾಗುತ್ತದೆಂದು ನಿಮ್ಮ ಮೇಲೆ ಹಾಕಿದೆ, ಕ್ಷಮಿಸಿ.

ಆಕೆ ಕೇಳಿಸಿಕೊಂಡು, “ಇದ್ನ ನಂಗ್ಯಾಕ್ ಏಳ್ತೀರ ಸಾ?” ಎಂದರು. “ನಾನ್ ಮಾಡ್ಲಿಲ್ಲ ಅಂತ ನಂಗ್ ಗೊತ್ತಿಲ್ವಾ? ಗೊತ್ತಿಲ್ದೋರು ಕುಣಿಗ್ಲಲ್ಲವ್ರೆ. ಅವ್ರಿಗೇಳಿ.”

ಕೆಲಸಕ್ಕೆ ಮತ್ತೆ ಬನ್ನಿ ಎಂದೆ. “ಅದ್ ಬುಡಿ” ಎಂದು ಒಳಗೆ ಹೋದರು.

ಕುಣಿಗಲ್ಲಿಗೆ ಹೋಗಲು ನನಗೆ ಇನ್ನೂ ಮೂರು ತಿಂಗಳು ಬೇಕಾಯಿತು. ಆರ್ಡರು, ಬಿಸಿಲು, ಹೆಂಡತಿಯ ಮಂಡಿನೋವು ಎಂದು ಕಾರಣಗಳಿದ್ದವು. ನಿಜವಾದ ಕಾರಣ, ಒಬ್ಬರ ಮುಂದೆ ಮರದ ಕೆಳಗೆ ಹೇಳುವುದು ಸುಲಭ, ಹದಿನಾಲ್ಕು ಜನರ ಮುಂದೆ ಕಷ್ಟ. ಅವರು ಬುಧವಾರ ಮಧ್ಯಾಹ್ನ ಸಭೆ ಸೇರುತ್ತಾರೆಂದು ಗೊತ್ತಿತ್ತು. ಹೋದೆ.

ಮುಖ್ಯಸ್ಥೆ ಸಂಭ್ರಮದಿಂದ ಬರಮಾಡಿಕೊಂಡರು. ಹಳೆಯ ರೇಷ್ಮೆ ಹುಳದ ಮನೆಯೊಂದನ್ನು ಅಣಬೆ ಮನೆ ಮಾಡಿದ್ದರು. ಒಳಗೆ ಚೀಲಗಳು ಬೆಳ್ಳಗಿದ್ದವು. “ನೀವ್ ಹೇಳಿದ್ನೇ ರೂಲ್ಸ್ ಮಾಡ್ಕಂಡಿದೀವಿ ಸಾರ್” ಎಂದರು. “ಯಾರನ್ನ ಒಳಗ್ ಬಿಡ್ತೀವಿ ಅನ್ನೋದೇ ಮುಖ್ಯ ಅಂದ್ರಲ್ಲ, ಬರ್ಕಂಡಿದ್ವಿ. ಅದ್ಕೇ ಎಲ್ರೂ ಒಳಗ್ ಬರಂಗಿಲ್ಲ. ಅವ್ರಿಬ್ರಿಗೆ ಹುಲ್ಲು ಕತ್ರಿಸೋದು ಅಷ್ಟೇ, ಹೊರ್ಗಡೆ.”

ತಿರುಗಿ ನೋಡಿದೆ. ಜಗುಲಿಯ ಆಚೆ ಬಿಸಿಲಲ್ಲಿ ಇಬ್ಬರು ಹೆಂಗಸರು ಕುಡುಗೋಲು ಇಟ್ಟುಕೊಂಡು ಹುಲ್ಲು ಕತ್ತರಿಸುತ್ತಿದ್ದರು. ಅಂದು ಟೆಂಪೋದಲ್ಲಿ ಬಂದ ಹದಿನಾಲ್ಕು ಜನರಲ್ಲಿ ಅವರೂ ಇದ್ದರು. ನಾನು ಬೊಟ್ಟು ಮಾಡಿದ್ದನ್ನು, ಏಪ್ರನ್ ಮಡಿಸಿಟ್ಟು ಒಬ್ಬಾಕೆ ಹೊರಟುಹೋದದ್ದನ್ನು ಅವರೂ ನೋಡಿದ್ದರು. ನನ್ನ ಮಾತು ತಮ್ಮಂಥವರ ಬಗ್ಗೆಯೂ ಎಂದು ಅವರಿಗೆ ಅಂದೇ ಅರ್ಥವಾಗಿರಬೇಕು.

ನನ್ನ ಸುಳ್ಳು ಅಂದಿಗೇ ಮುಗಿದ ಮಾತು ಎಂದುಕೊಂಡಿದ್ದೆ. ಇಲ್ಲಿ ಅದು ನಿಯಮವಾಗಿ, ದಿನಾ ಇಬ್ಬರನ್ನು ಬಿಸಿಲಲ್ಲಿ ಕೂರಿಸುತ್ತಿತ್ತು. ಸಭೆಯ ಮುಂದೆ ನಿಂತು ಹೇಳಿದೆ. ಗ್ಯಾಸಿನ ವಿಷಯ, ನಿಶ್ಚಿತಾರ್ಥದ ಊಟದ ವಿಷಯ, ಆಕೆ ಬಾರದ ಗುರುವಾರದ ವಿಷಯ. “ಬೂಷ್ಟಿಗೆ ಯಾರ ಮನೆಯವರು ಅಂತ ಗೊತ್ತಾಗಲ್ಲ. ಕೈ ತೊಳೆದವರೆಲ್ಲಾ ಒಂದೇ. ಅವತ್ತು ಹುಲ್ಲು ಬೇಯಿಸ್ದೇ ಕಟ್ಟಿದವನು ನಾನು” ಎಂದೆ.

ಮುಖ್ಯಸ್ಥೆ, “ಅದ್ ಸರಿ ಸಾರ್, ಆದ್ರೂ ಒಳಗೆ ಜಾಸ್ತಿ ಜನ ಆದ್ರೆ ತೊಂದ್ರೆ ಅಲ್ವಾ?” ಎಂದರು. ಒಬ್ಬ ಅಜ್ಜಿ ಮಾತ್ರ, “ಪಾಪ, ಆ ಎಣ್ಮಗ್ಳು ತಾರೀಖ್ ಓದಿ ಏಳ್ತಲ್ಲ, ನಾವ್ ಯಾರೂ ಬಾಯ್ ಬುಡ್ಲಿಲ್ಲ” ಎಂದು ಸೆರಗು ಸರಿಮಾಡಿಕೊಂಡರು.

ಜಗುಲಿ ಇಳಿದು ಆ ಇಬ್ಬರ ಹತ್ತಿರ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಅವರಲ್ಲೊಬ್ಬರು, “ಕೇಳಿಸ್ತು ಬುಡಿ ಸಾ” ಎಂದರು. ಕುಡುಗೋಲು ನಿಲ್ಲಲಿಲ್ಲ. ನಾನು ಅಲ್ಲಿಯೇ ನಿಂತಿದ್ದೆ, ಹೋಗಲೂ ಆಗದೆ, ಕೂರಲೂ ಆಗದೆ.

ಆಮೇಲೊಂದು ದಿನ ಫೋನ್ ಮಾಡಿ ಕೇಳಿದಾಗ ಮುಖ್ಯಸ್ಥೆ, “ಈಗ ಎಲ್ರೂ ಒಳಗೇ ಸಾರ್” ಎಂದರು. ನಂಬಬೇಕೆಂಬ ಆಸೆ ನನಗೆ. ಹೋಗಿ ನೋಡಿಲ್ಲ. ಗುಬ್ಬಿಯವರಿಗೂ ಫೋನ್ ಮಾಡಿ, ಕುಣಿಗಲ್ಲಿನಲ್ಲಿ ಹೇಳಿ ಬಂದೆ ಎಂದೆ. “ಊಂ” ಎಂದು ಇಟ್ಟುಬಿಟ್ಟರು.

ಶೆಡ್ಡು ನಡೆಯುತ್ತಿದೆ. ಹುಲ್ಲು ನಾನೇ ಬೇಯಿಸುತ್ತೇನೆ, ಇಳುವರಿ ಮೊದಲಿನಷ್ಟಿಲ್ಲ. ಕಲಿಯಲು ಬಂದವರಿಗೆ ಈಗ ಮೊದಲು ಹೇಳುವುದೇ ಈ ಕತೆ. ಸಿಲ್ಕ್ ಸೀರೆ, ಮುಗಿದ ಗ್ಯಾಸು, ಇಸ್ತ್ರಿ ಮಾಡಿದ ಶರ್ಟು ಎಂದು ಹೇಳುವಾಗ ಜನ ನಗುತ್ತಾರೆ, ಎಷ್ಟು ನಿಜ ಹೇಳುತ್ತಾರೆ ಎಂದು ಮೆಚ್ಚುತ್ತಾರೆ. ಕಳೆದ ವಾರ ಹಾಗೆ ಅವರು ನಗುವಾಗ ನನಗೂ ಖುಷಿಯಾಯಿತು. ಏಪ್ರನ್ ಮಡಿಸಿಟ್ಟು ಹೋದವರ ಮಾತಿಗೆ ಬರುವುದನ್ನೇ ಮರೆತಿದ್ದೆ ಎಂದು ಹೊಳೆದದ್ದು, ಚೀಲಗಳ ಕಡೆ ತಿರುಗಿದಾಗ.