ಬ್ಯಾಟರಿಗೆ ಹೊದೆಸಿದ ಕಂಬಳಿ

ಕಳೆದ ಡಿಸೆಂಬರಿನಲ್ಲಿ ಸತತ ಇಪ್ಪತ್ತು ದಿನ ನಾನು ನನ್ನ ಕಾರಿಗೆ ಕಂಬಳಿ ಹೊದೆಸಿದ್ದೇನೆ. ನಗಬೇಡಿ.

ಹಿಮ ಬೀಳುವ ಯಾವುದೋ ದೇಶದ ವಿಡಿಯೊ ವಾಟ್ಸಾಪಿನಲ್ಲಿ ಬಂದಿತ್ತು: ಚಳಿಗೆ ಬ್ಯಾಟರಿ ಸೊರಗುತ್ತದೆ, ಬೆಚ್ಚಗಿಡಿ. ನಮ್ಮ ಸುಳ್ಯದಲ್ಲಿ ಚಳಿ ಎಂದರೆ ಫ್ಯಾನನ್ನು ಐದರಿಂದ ಮೂರಕ್ಕೆ ಇಳಿಸುವ ಹವಾಮಾನ. ಆದರೂ ಶಾಸ್ತ್ರ ಶಾಸ್ತ್ರವೇ ಅಲ್ಲವೇ? ಬಾನೆಟ್ ಮೇಲೆ ಕಂಬಳಿ ಬಿತ್ತು. ಬ್ಯಾಟರಿಗೆ ಶ್ರಮ ಕೊಡಬಾರದು ಎಂಬ ಉಪನಿಯಮವನ್ನು ನಾನೇ ಸೇರಿಸಿ, ಕೀಯನ್ನು ಕಪಾಟಿನೊಳಗಿಟ್ಟೆ.

ಅದೇ ಹೊತ್ತಿಗೆ ನನ್ನ ಹೆಂಡತಿ, ಐವತ್ತೆರಡರ ವಯಸ್ಸಿನಲ್ಲಿ, ಡ್ರೈವಿಂಗ್ ಸ್ಕೂಲ್ ಮುಗಿಸಿ ಲೈಸೆನ್ಸ್ ಪರೀಕ್ಷೆಗೆ ದಿನ ಎಣಿಸುತ್ತಿದ್ದಳು.

"ಕೀ ಕೊಡಿ, ಒಂದು ರೌಂಡ್ ಹೋಗಿ ಬರುವ. ಕಲಿತದ್ದು ಮರ್ತು ಹೋಗ್ತದೆ."

"ಈ ಚಳಿಗೆ ಬೇಡ. ಬ್ಯಾಟರಿ ವೀಕ್ ಆಗ್ತದೆ."

(ಮೂವತ್ತು ವರ್ಷ ಮೇಷ್ಟ್ರಾಗಿದ್ದವನು ಹೇಳಿದರೆ ಸುಳ್ಳಿಗೂ ಒಂದು ತೂಕ ಬರುತ್ತದೆ.)

ಪರೀಕ್ಷೆಯ ದಿನ ಹತ್ತು ಗಂಟೆಗೆ ಪುತ್ತೂರಿನಲ್ಲಿರಬೇಕು. ಕೀ ತಿರುಗಿಸಿದೆ. 'ಟಿಕ್' ಎಂದಿತು. ಮತ್ತೆ ತಿರುಗಿಸಿದರೆ ಅದೂ ಇಲ್ಲ. ಹೆಂಡತಿ ಕೈಯಲ್ಲಿದ್ದ ಅರ್ಜಿಯ ಕಾಗದಗಳನ್ನು ಮಡಚಿ ಬ್ಯಾಗಿಗೆ ಹಾಕಿದಳು. ಬೈದಿದ್ದರೆ ಒಳ್ಳೆಯದಿತ್ತು.

ಗಲ್ಫಿನಲ್ಲಿ ಲಾರಿ ಓಡಿಸಿ ಬಂದ ಆಚೆಮನೆಯ ಅದ್ರಾಮಾಕ ತಮ್ಮ ಕಾರನ್ನು ತಂದು ಪಕ್ಕದಲ್ಲಿ ನಿಲ್ಲಿಸಿದರು. ಕಂಬಳಿ ನೋಡಿದರು.

"ಎಂತ ಮಾಷ್ಟ್ರೆ, ಬಾಣಂತಿಯಾ ಇದು?"

ಬ್ಯಾಟರಿಯ ಮೇಲಿನ ಬಿಳಿ ಪುಡಿ ಉಜ್ಜಿ, ತಮ್ಮ ಕಾರಿನ ಬ್ಯಾಟರಿಯಿಂದ ಕೇಬಲ್ ಸಿಕ್ಕಿಸುತ್ತಾ ಕೇಳಿದರು: "ಎಷ್ಟು ದಿನ ಆಯ್ತು ಸ್ಟಾರ್ಟ್ ಮಾಡದೆ?"

"ಇಪ್ಪತ್ತು."

"ನಮ್ಮೂರ ಚಳಿಗೆ ಸೊಳ್ಳೆ ಸಹ ಸಾಯುದಿಲ್ಲ ಮಾರಾಯ್ರೆ! ಇದು ನೀವು ನಿಲ್ಲಿಸಿ ನಿಲ್ಲಿಸಿ ಕೊಂದದ್ದು. ದಿನಾ ಅರ್ಧ ಗಂಟೆ ಯಾರಾದ್ರೂ ಓಡಿಸಿದ್ರೆ ಸಾಕಿತ್ತು."

ಯಾರಾದರೂ! ನಾನು ಆಕಾಶ ನೋಡಿದೆ.

ಮಳೆಗಾಲದಲ್ಲಿ ಬ್ರೇಕ್, ಬೇಸಿಗೆಯಲ್ಲಿ ಟಯರ್, ಚಳಿಗಾಲದಲ್ಲಿ ಬ್ಯಾಟರಿ. ಮನೆಯ ಹೆಂಗಸರಿಗೆ ಕೀ ಕೊಡದಿರಲು ನಮ್ಮ ಗಂಡಸರ ಬಳಿ ವರ್ಷವಿಡೀ ಕಾರಣವುಂಟು. ಭಾನುವಾರ ಕಾರು ತೊಳೆಯುತ್ತೇವೆ, ಆಯುಧಪೂಜೆಗೆ ಮಾಲೆ ಹಾಕುತ್ತೇವೆ. ಓಡಿಸುವ ವಿಷಯ ಮಾತ್ರ ಎತ್ತಬಾರದು.

ಎಂಜಿನ್ ಗುರ್ ಎಂದಿತು. "ಪುತ್ತೂರುವರೆಗೆ ಆಫ್ ಮಾಡ್ಬೇಡಿ ಅಕ್ಕಾ" ಎಂದರು ಅದ್ರಾಮಾಕ. ಅಕ್ಕ ಎಂದದ್ದು ಏಕೆಂದು ತಿರುಗಿ ನೋಡಿದೆ. ಅವಳು ಆಗಲೇ ಸ್ಟೀರಿಂಗ್ ಹಿಡಿದು ಕೂತಿದ್ದಳು. ನಾನು ಪಕ್ಕದ ಸೀಟಿಗೆ ಹೋದೆ. ದಾರಿಯುದ್ದಕ್ಕೂ ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ನನ್ನ ಕಾಲು ನೋಯಿತು.

ಪಾಸಾದಳು. ಸಹಿ ಹಾಕುತ್ತಾ ಅಧಿಕಾರಿ ನನ್ನನ್ನು ತೋರಿಸಿ ಕೇಳಿದರು: "ಇವರಾ ನಿಮಗೆ ಕಲಿಸಿದ್ದು?"

"ಅಲ್ಲ ಸರ್. ಇವರು ಬ್ಯಾಟರಿ ನೋಡಿಕೊಳ್ಳುದು."